ಹಡಗಿನ ಜೊತೆ ಬಂದ ಕೆಮ್ಮು

ಕಿಲ್ಡಾ ಎಂಬ ಹೆಸರಿನ ಸಂತ ಯಾವ ಕಾಲದಲ್ಲೂ ಇರಲಿಲ್ಲ. ಆದರೂ ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಹೆಬ್ರಿಡೀಸ್ ದ್ವೀಪಗಳನ್ನೂ ದಾಟಿ ಅಟ್ಲಾಂಟಿಕ್ ಸಾಗರದೊಳಗೆ ಇನ್ನೂ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ಹೋದರೆ ಸಿಗುವ ಕಲ್ಲುಬಂಡೆಗಳ ಗುಂಪಿಗೆ ಸೇಂಟ್ ಕಿಲ್ಡಾ ಎಂದು ಹೆಸರು. ಹಳೆಯ ಕಾಲದ ನಕಾಶೆ ಬರೆಯುವವರು ಬೇರೆ ಯಾವುದೋ ದ್ವೀಪದ ಹೆಸರನ್ನು ತಪ್ಪಿ ಇಲ್ಲಿಗೆ ಅಂಟಿಸಿರಬೇಕು ಎಂಬುದು ಒಂದು ಊಹೆ. ಅಲ್ಲಿದ್ದ ಜನ ತಮ್ಮ ದ್ವೀಪವನ್ನು ಹಿರ್ಟಾ ಎನ್ನುತ್ತಿದ್ದರು. ಹೊರಗಿನವರು ಕೊಟ್ಟ ಹೆಸರೇ ಉಳಿಯಿತು. ಈ ಊರಿನ ಚರಿತ್ರೆಯಲ್ಲಿ ಹೊರಗಿನವರು ಮಾಡಿದ ಕೆಲಸಗಳ ಪೈಕಿ ಇದು ತೀರಾ ನಿರುಪದ್ರವಿ.

ಇವತ್ತು ಯಾರೂ ಹೋಗದ ಊರುಗಳಿಗೆ ಹೋಗಿಬರುವುದು ಒಂದು ಹವ್ಯಾಸ, ಒಂದು ಹೆಮ್ಮೆ. ಸೇಂಟ್ ಕಿಲ್ಡಾ ಅಂಥ ಪಟ್ಟಿಗಳಲ್ಲಿ ತಪ್ಪದೆ ಇರುತ್ತದೆ. ಆದರೆ ಈ ಹವ್ಯಾಸ ಇವತ್ತಿನದಲ್ಲ. ಇನ್ನೂರು ವರ್ಷಗಳ ಹಿಂದೆಯೇ ಇಲ್ಲಿಗೆ ಪ್ರವಾಸಿಗರು ಬರತೊಡಗಿದ್ದರು, ಆಗ ನೋಡಲು ಜನವೂ ಇದ್ದರು. ಬಂದುಹೋಗುವವರಿಂದ ಒಂದು ಊರಿಗೆ ಏನಾಗುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ದಾಖಲೆಯಲ್ಲಿ ಓದಬಹುದಾದ ಜಾಗಗಳು ಕಡಿಮೆ. ಸೇಂಟ್ ಕಿಲ್ಡಾ ಅಂಥದೊಂದು.

ಹಿರ್ಟಾ ಸುಮಾರು ಆರೂವರೆ ಚದರ ಕಿಲೋಮೀಟರ್‌ನ ದ್ವೀಪ. ಅದರ ಕೊನಾಕರ್ ಶಿಖರ 430 ಮೀಟರ್ ಎತ್ತರ. ಒಂದು ಮಗ್ಗುಲು ನೇರ ಕಡಲಿಗೆ ಇಳಿಯುತ್ತದೆ. ಮರವೆಂಬುದೇ ಇಲ್ಲ. ಸುತ್ತ ಡನ್, ಸೋಯೆ, ಬೋರರೇ ಎಂಬ ಸಣ್ಣ ದ್ವೀಪಗಳು, ಮತ್ತೆ ಕಡಲಿನಿಂದ ಕಂಬದ ಹಾಗೆ ಎದ್ದುನಿಂತ ಬಂಡೆಗಳು. ಅವುಗಳಲ್ಲಿ ದೊಡ್ಡದಾದ ಸ್ಟಾಕ್ ಆನ್ ಆರ್ಮಿನ್ 196 ಮೀಟರ್ ಎತ್ತರವಿದೆ. ಸುತ್ತಲೂ ಕಡಲಿದ್ದರೂ ಇವರು ಹೆಚ್ಚಾಗಿ ಮೀನು ಹಿಡಿದು ಬದುಕಿದವರಲ್ಲ. ಆ ಕಡಲು ದೋಣಿಗೆ ಸುಲಭಕ್ಕೆ ಬಗ್ಗುವಂಥದ್ದೂ ಅಲ್ಲ. ಅವರ ಹೊಲ, ಗದ್ದೆ, ಅಂಗಡಿ ಎಲ್ಲವೂ ಆ ಬಂಡೆಗಳ ಮೈಯಲ್ಲಿ ಗೂಡು ಕಟ್ಟುವ ಹಕ್ಕಿಗಳೇ. ಗ್ಯಾನೆಟ್, ಫುಲ್ಮಾರ್, ಪಫಿನ್. ಗಂಡಸರು ಬರಿಗಾಲಲ್ಲಿ, ಸೊಂಟಕ್ಕೆ ಹಗ್ಗ ಬಿಗಿದು ಬಂಡೆ ಇಳಿದು ಹಕ್ಕಿ ಮತ್ತು ಮೊಟ್ಟೆ ತರುತ್ತಿದ್ದರು. ಮಾಂಸ ಊಟಕ್ಕೆ, ಫುಲ್ಮಾರ್ ಎಣ್ಣೆ ದೀಪಕ್ಕೆ, ಪುಕ್ಕ ಗೇಣಿಗೆ. ಹಿಡಿದ ಹಕ್ಕಿಗಳನ್ನು ಒಣಗಿಸಿಡಲು ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು, ಮೇಲೆ ಮಣ್ಣು ಹುಲ್ಲಿನ ಹೆಂಟೆ ಹೊದಿಸಿ ಕಟ್ಟಿದ ಕಣಜಗಳಿದ್ದವು. ಅವರ ಮಾತಿನಲ್ಲಿ ಕ್ಲೀಟ್. ಕಲ್ಲುಸಂದಿನಲ್ಲಿ ಗಾಳಿ ಆಡುತ್ತದೆ, ಮಳೆ ಒಳಗೆ ಇಳಿಯುವುದಿಲ್ಲ. ಇಂಥ ಸಾವಿರಕ್ಕೂ ಹೆಚ್ಚು ಕಣಜಗಳು ಇವತ್ತಿಗೂ ಹಿರ್ಟಾದ ತುಂಬ ನಿಂತಿವೆ. ಎಂದೂ ಇನ್ನೂರನ್ನು ಮುಟ್ಟಿದ ದಾಖಲೆಯಿಲ್ಲದ ಜನಸಂಖ್ಯೆಗೆ ಸಾವಿರ ಕಣಜ! ಚಳಿಗಾಲ ಎಂದರೆ ಅವರಿಗೆ ಏನಾಗಿತ್ತು ಎಂಬುದನ್ನು ಈ ಲೆಕ್ಕವೊಂದೇ ಹೇಳುತ್ತದೆ.

ದ್ವೀಪದ ಒಡೆತನ ಸ್ಕೈ ದ್ವೀಪದ ಮೆಕ್ಲೌಡ್ ಮನೆತನದ್ದು. ವರ್ಷಕ್ಕೊಮ್ಮೆ ಒಡೆಯನ ಪಾರುಪತ್ಯಗಾರ ದೋಣಿಯಲ್ಲಿ ಬಂದು ಪುಕ್ಕ, ಎಣ್ಣೆ, ಉಣ್ಣೆಬಟ್ಟೆ, ಬಾರ್ಲಿಯನ್ನು ಗೇಣಿಯಾಗಿ ಒಯ್ಯುತ್ತಿದ್ದ. ಹಣದ ವ್ಯವಹಾರ ಇರಲೇ ಇಲ್ಲ ಎನ್ನಬಹುದು.

1697ರಲ್ಲಿ ಇಂಥ ಒಂದು ದೋಣಿಯಲ್ಲಿ ಮಾರ್ಟಿನ್ ಮಾರ್ಟಿನ್ ಎಂಬ ವಿದ್ಯಾವಂತ ಬಂದ. ಸ್ಕೈ ದ್ವೀಪದವನೇ, ಗೇಲಿಕ್ ಭಾಷೆ ಅವನ ಮನೆಮಾತು. ಹಾಗಾಗಿ ಅವನು ಬರೆದದ್ದರಲ್ಲಿ ತೂಕವಿದೆ. ಮರುವರ್ಷ ಅವನ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಯಿತು. ಆಗ ದ್ವೀಪದಲ್ಲಿ ಸುಮಾರು 180 ಜನರಿದ್ದರು. ಕವಿಗಳು ಬರೀ ಕಲ್ಪಿಸಿಕೊಂಡ ಸುವರ್ಣಯುಗವನ್ನು ಈ ಜನ ಬದುಕುತ್ತಿದ್ದಾರೆ ಎಂಬರ್ಥದ ಮಾತನ್ನು ಅವನು ಬರೆದ. ಮದುವೆಯಾಗಬೇಕಾದ ಹುಡುಗ ಪ್ರಪಾತದ ಅಂಚಿನ ಒಂದು ಬಂಡೆಯ ಮೇಲೆ ಒಂದು ಹಿಮ್ಮಡಿಯಲ್ಲಿ ನಿಂತು ಬಾಗಿ ತೋರಿಸಬೇಕಾದ ಪದ್ಧತಿಯನ್ನೂ ವರ್ಣಿಸಿದ. ಓದಿದವರಿಗೆ ಇವೆರಡೂ ಬಹಳ ಹಿಡಿಸಿದವು. ಅವನು ಗಮನಿಸಿದ್ದ ಮೂರನೆಯದೊಂದು ಸಂಗತಿ ಮಾತ್ರ ತಮಾಷೆಯ ವಸ್ತುವಾಯಿತು. ಹೊರಗಿನ ದೋಣಿ ಬಂದಾಗಲೆಲ್ಲ ಊರಿಗೆ ಊರೇ ನೆಗಡಿ ಕೆಮ್ಮಿನಿಂದ ಮಲಗುತ್ತದೆ ಎಂದು ದ್ವೀಪದವರು ಅವನಿಗೆ ಹೇಳಿದ್ದರು.

ಅರುವತ್ತು ವರ್ಷಗಳ ನಂತರ ಬಂದ ಕೆನೆತ್ ಮೆಕಾಲೆ ಎಂಬ ಪಾದ್ರಿಯೂ ಇದನ್ನೇ ದೃಢಪಡಿಸಿ ಬರೆದ. ಇಂಗ್ಲಿಷ್ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ ಇದನ್ನು ಓದಿ ನಕ್ಕ. ಬಾಸ್ವೆಲ್ ಬರೆದ ಅವನ ಜೀವನಚರಿತ್ರೆಯಲ್ಲಿ ಈ ಪ್ರಸಂಗವಿದೆ. ಅಲ್ಲೇ ಇನ್ನೊಬ್ಬ ಪಾದ್ರಿಯ ವಿವರಣೆಯೂ ಇದೆ: ಹಡಗು ದಡ ಸೇರಬೇಕಾದರೆ ಈಶಾನ್ಯದ ಗಾಳಿ ಬೀಸಬೇಕು, ಜನರಿಗೆ ನೆಗಡಿ ಆಗುವುದು ಆ ಗಾಳಿಯಿಂದ, ಹಡಗಿನಿಂದಲ್ಲ! ಎಷ್ಟು ಅಚ್ಚುಕಟ್ಟಾದ ತರ್ಕ ನೋಡಿ. ರೋಗಾಣುಗಳ ಅರಿವಿಲ್ಲದ ಕಾಲದ ವಿದ್ವಾಂಸರನ್ನು ಈಗ ಮೂದಲಿಸುವುದು ಸುಲಭ. ಆದರೆ ನನಗೆ ಕಾಡುವುದು ಬೇರೆ. ದ್ವೀಪದ ಜನ ತಮ್ಮ ಮೈಮೇಲೆ ಕಂಡದ್ದನ್ನು ನೆಟ್ಟಗೆ ಹೇಳಿದ್ದರು. ದೂರದಲ್ಲಿ ಕೂತವರು ಅದು ಮೂಢನಂಬಿಕೆ ಎಂದುಕೊಂಡರು. ಹೊರಗಿನವರ ಸಂಪರ್ಕ ಅಷ್ಟಾಗಿ ಇಲ್ಲದ ಸಣ್ಣ ಜನಸಮುದಾಯಕ್ಕೆ ಸಾಧಾರಣ ನೆಗಡಿಯೂ ಹೊಸ ರೋಗವೇ ಎಂಬುದು ಇಂದು ಯಾವ ವೈದ್ಯ ವಿದ್ಯಾರ್ಥಿಗೂ ಗೊತ್ತು. ದ್ವೀಪದವರು ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು: ಹಡಗಿನ ಕೆಮ್ಮು.

ಜಾನ್ಸನ್ ನಗುವ ಹೊತ್ತಿಗೆ ಕೆಮ್ಮಿಗಿಂತ ದೊಡ್ಡದೇ ಬಂದುಹೋಗಿತ್ತು. ದ್ವೀಪದವನೊಬ್ಬ ಹ್ಯಾರಿಸ್ ಎಂಬಲ್ಲಿಗೆ ಹೋದವನು ಅಲ್ಲಿ ಸಿಡುಬಿನಿಂದ ತೀರಿಕೊಂಡ. ಮರುವರ್ಷ, 1727ರಲ್ಲಿ, ಅವನ ಬಟ್ಟೆಗಳನ್ನು ಊರಿಗೆ ತಂದರು. ಆಗಸ್ಟ್ ತಿಂಗಳಲ್ಲಿ ಮೂರು ಜನ ಗಂಡಸರು ಮತ್ತು ಎಂಟು ಹುಡುಗರು ಹಕ್ಕಿ ಹಿಡಿಯಲು ಸ್ಟಾಕ್ ಆನ್ ಆರ್ಮಿನ್ ಬಂಡೆಯ ಮೇಲೆ ಇಳಿದಿದ್ದರು. ಕೆಲವು ದಿನಗಳಲ್ಲಿ ದೋಣಿ ಬಂದು ಕರೆದುಕೊಂಡು ಹೋಗಬೇಕಿತ್ತು. ಬರಲಿಲ್ಲ. ದೋಣಿ ಹುಟ್ಟುಹಾಕಲು ಊರಿನಲ್ಲಿ ಗಂಡಸರೇ ಉಳಿದಿರಲಿಲ್ಲ. ಆ ಹನ್ನೊಂದು ಜನ ಆ ಬಂಡೆಯ ಮೇಲೆ, ಹಕ್ಕಿ ಮೀನು ತಿಂದುಕೊಂಡು, ಅಟ್ಲಾಂಟಿಕ್‌ನ ಚಳಿಗಾಲ ಪೂರ್ತಿ ಕಳೆದರು. ಮರುವರ್ಷ ಮೇ ತಿಂಗಳಲ್ಲಿ ಪಾರುಪತ್ಯಗಾರನ ದೋಣಿ ಬಂದಾಗಲೇ ಅವರಿಗೆ ಬಿಡುಗಡೆ. ಹನ್ನೊಂದು ಜನರೂ ಬದುಕಿದ್ದರು. ಊರಿನಲ್ಲಿ ಉಳಿದಿದ್ದವರು ನಾಲ್ಕು ಜನ ದೊಡ್ಡವರು, ಇಪ್ಪತ್ತಾರು ಮಕ್ಕಳು. ಒಡೆಯರು ಬೇರೆ ದ್ವೀಪಗಳಿಂದ ಹೊಸ ಕುಟುಂಬಗಳನ್ನು ತಂದು ಇಲ್ಲಿ ನೆಲೆಗೊಳಿಸಿದರು. ಮುಂದೆ ಪ್ರವಾಸಿಗರು ಅನಾದಿಕಾಲದ ಜನ ಎಂದು ಬೆರಗಾಗಿ ನೋಡಿದ್ದು ಬಹುಮಟ್ಟಿಗೆ ಈ ಹೊಸಬರ ಮಕ್ಕಳು ಮೊಮ್ಮಕ್ಕಳನ್ನು.

ಇಷ್ಟವಿಲ್ಲದೆ ಬಂದ ಅತಿಥಿಯೂ ಒಬ್ಬಳಿದ್ದಳು. ಎಡಿನ್‌ಬರೋದ ನ್ಯಾಯಾಧೀಶ ಲಾರ್ಡ್ ಗ್ರೇಂಜ್ ತನ್ನ ಹೆಂಡತಿಯ ಬಾಯಿ ಮುಚ್ಚಿಸಲು ಅವಳನ್ನು 1732ರಲ್ಲಿ ಅಪಹರಿಸಿ, ಎರಡು ವರ್ಷ ಬೇರೊಂದು ದ್ವೀಪದಲ್ಲಿಟ್ಟು, ಆಮೇಲೆ 1740ರವರೆಗೆ ಹಿರ್ಟಾದಲ್ಲಿ ಕೂಡಿಹಾಕಿಸಿದ. ನಮಗೆ ಪ್ರಶಾಂತವಾಗಿ, ಏಕಾಂತವಾಗಿ ಕಾಣುವ ತಾಣ ಇನ್ನೊಬ್ಬರಿಗೆ ಸೆರೆಮನೆ ಎಂಬುದಕ್ಕೆ ಆಕೆಯ ಕಥೆಗಿಂತ ಹೆಚ್ಚು ಬೇಕಿಲ್ಲ. 1746ರಲ್ಲಿ ಕಲೋಡನ್ ಕದನದಲ್ಲಿ ಸೋತ ರಾಜಕುಮಾರ ಚಾರ್ಲ್ಸ್ ಇಲ್ಲಿ ಅಡಗಿದ್ದಾನೆಂದು ಸರ್ಕಾರದ ಸೈನಿಕರು ಹುಡುಕಿ ಬಂದರಂತೆ. ಜನ ಹೆದರಿ ಗುಹೆ ಸೇರಿದ್ದರು. ಹಿಡಿದು ವಿಚಾರಿಸಿದರೆ ಅವರಿಗೆ ರಾಜಕುಮಾರನೂ ಗೊತ್ತಿರಲಿಲ್ಲ, ಅವನನ್ನು ಸೋಲಿಸಿದ ರಾಜ ಜಾರ್ಜನೂ ಗೊತ್ತಿರಲಿಲ್ಲ ಎಂದು ಕಥೆ ಹೇಳುತ್ತಾರೆ.

ಹತ್ತೊಂಬತ್ತನೆಯ ಶತಮಾನ ಬಂದ ಹಾಗೆ ಸಾಹುಕಾರರ ವಿಹಾರನೌಕೆಗಳು ಕಾಣಿಸಿಕೊಂಡವು. ಥಾಮಸ್ ಆಕ್ಲೆಂಡ್ ಎಂಬ ಶ್ರೀಮಂತನ ನೌಕೆಯ ಹೆಸರು 'ಲೇಡಿ ಆಫ್ ಸೇಂಟ್ ಕಿಲ್ಡಾ'. ಮುಂದೆ ಅದು ಕೈಬದಲಾಗಿ ಆಸ್ಟ್ರೇಲಿಯಾ ಸೇರಿತು, ಮೆಲ್ಬರ್ನ್ ಪಕ್ಕದ ಒಂದು ಕಡಲತೀರಕ್ಕೆ ಆ ನೌಕೆಯಿಂದಲೇ ಸೇಂಟ್ ಕಿಲ್ಡಾ ಎಂದು ಹೆಸರಾಯಿತು. ಈಗ ಕೋಟ್ಯಂತರ ಜನರಿಗೆ ಸೇಂಟ್ ಕಿಲ್ಡಾ ಎಂದರೆ ಅದೇ. 1852ರಲ್ಲಿ ಹಿರ್ಟಾದ 36 ಜನ, ಅಂದರೆ ಊರಿನ ಮೂರನೇ ಒಂದು ಪಾಲು, ಅದೇ ಆಸ್ಟ್ರೇಲಿಯಾಕ್ಕೆ ವಲಸೆ ಹೊರಟರು. ಅವರಲ್ಲಿ ಅನೇಕರು ದಾರಿಯಲ್ಲೇ ತೀರಿಹೋದರು. ಈ ಪೆಟ್ಟಿನಿಂದ ಊರು ಮತ್ತೆ ಚೇತರಿಸಿಕೊಳ್ಳಲಿಲ್ಲ.

ಇನ್ನು ಹಬೆಹಡಗಿನ ಕಾಲ. 1838ರ ಜುಲೈಯಲ್ಲಿ 'ವಲ್ಕನ್' ಎಂಬ ಹಡಗು ವಿಹಾರಕ್ಕೆಂದು ಜನರನ್ನು ಕರೆತಂದಿತು. 1877ರಿಂದ 'ದುನಾರಾ ಕ್ಯಾಸಲ್', ಶತಮಾನದ ಕೊನೆಗೆ 'ಹೆಬ್ರಿಡೀಸ್' ಬೇಸಿಗೆಯಲ್ಲಿ ಗ್ಲಾಸ್ಗೋದಿಂದ ವೇಳಾಪಟ್ಟಿಯಂತೆ ಓಡಾಡತೊಡಗಿದವು. ಅಲ್ಲಿಯವರೆಗೆ ಬಂದವರು ಎಣಿಸಬಹುದಾದಷ್ಟು ಜನ. ಇನ್ನು ಮುಂದೆ ಒಂದೊಂದು ಹಡಗಿನಲ್ಲಿ ಬಂದಿಳಿಯುವವರೇ ಊರಿನವರಿಗಿಂತ ಹೆಚ್ಚು. ಕೆಲವು ಗಂಟೆಗಳ ಕಾಲ ಊರಿನ ಒಂದೇ ಬೀದಿಯಲ್ಲಿ ಓಡಾಡಿ, ಮನೆಯೊಳಗೆ ಇಣುಕಿ, ಫೋಟೋ ತೆಗೆದು, ಮಕ್ಕಳಿಗೆ ಮಿಠಾಯಿ ಹಂಚಿ ಹಡಗು ಹತ್ತುತ್ತಿದ್ದರು. ಮೃಗಾಲಯಕ್ಕೆ ಬಂದವರಂತೆ ವರ್ತಿಸುತ್ತಿದ್ದರು ಎಂದು ಆ ಕಾಲದವರೇ ಬೇಸರಪಟ್ಟಿದ್ದಾರೆ.

ಊರವರು ಇದನ್ನು ಹೇಗೆ ತೆಗೆದುಕೊಂಡರು ಎಂಬುದು ಕುತೂಹಲದ ಸಂಗತಿ. ಅವರು ಸುಮ್ಮನೆ ನೋಡಿಸಿಕೊಂಡು ಕೂತಿರಲಿಲ್ಲ. ಗಂಡಸರು ಚಳಿಗಾಲದಲ್ಲಿ ನೇಯ್ದ ಉಣ್ಣೆಬಟ್ಟೆ, ಹೆಂಗಸರು ಹೆಣೆದ ಕಾಲುಚೀಲ, ಕೈಗವಸು, ಬಣ್ಣದ ಹಕ್ಕಿಮೊಟ್ಟೆ ಎಲ್ಲವನ್ನೂ ಮಾರಾಟಕ್ಕಿಟ್ಟರು. ಬಂಡೆ ಇಳಿದು ತೋರಿಸುವುದಕ್ಕೂ ದುಡ್ಡು, ಫೋಟೋಗೆ ನಿಲ್ಲುವುದಕ್ಕೂ ದುಡ್ಡು ಎಂದಾಯಿತು. ಬಂದವರಿಗೆ ಇದು ಸಿಟ್ಟು ತರಿಸಿತು. ಮುಗ್ಧರೆಂದು ನೋಡಲು ಬಂದರೆ ಇವರು ವ್ಯಾಪಾರಿಗಳು, ದುರಾಸೆಯವರು, ನಾಗರಿಕತೆ ಇವರನ್ನು ಕೆಡಿಸಿಬಿಟ್ಟಿತು ಎಂದು ಪತ್ರಿಕೆಗಳಲ್ಲಿ ಬರೆದರು. ಈ ದೂರನ್ನು ಓದುವಾಗ ನನಗೆ ನಗು ಬರುತ್ತದೆ. ಹಡಗಿನ ಕಂಪನಿ ದ್ವೀಪವನ್ನು ತೋರಿಸಿ ಟಿಕೆಟ್ ಮಾರುತ್ತಿತ್ತು, ಲೇಖಕರು ದ್ವೀಪದ ಬಗ್ಗೆ ಪುಸ್ತಕ ಬರೆದು ಮಾರುತ್ತಿದ್ದರು, ಛಾಯಾಗ್ರಾಹಕರು ಚಿತ್ರಗಳನ್ನು ಮಾರುತ್ತಿದ್ದರು. ನೋಡಿಸಿಕೊಳ್ಳುವವರು ಮಾತ್ರ ಪುಕ್ಕಟೆ ನಿಲ್ಲಬೇಕಿತ್ತು.

1886ರಲ್ಲಿ ತೆಗೆದ ಒಂದು ಫೋಟೋ ಬಹಳ ಪ್ರಸಿದ್ಧ. ಊರ ಗಂಡಸರು ಬೀದಿಯಲ್ಲಿ ಎರಡು ಸಾಲಾಗಿ ನಿಂತಿದ್ದಾರೆ. ಇದು ಅವರ 'ಪಾರ್ಲಿಮೆಂಟ್'. ಆ ಹೆಸರೂ ಹೊರಗಿನವರದೇ. ಭಾನುವಾರ ಬಿಟ್ಟು ಬೆಳಿಗ್ಗೆ ಬೆಳಿಗ್ಗೆ ಸೇರಿ ಇವತ್ತು ಯಾವ ಕೆಲಸ, ಯಾರು ಯಾವ ಬಂಡೆಗೆ ಎಂದು ಮಾತಾಡಿಕೊಳ್ಳುವುದು. ಅಧ್ಯಕ್ಷನಿಲ್ಲ, ಮಾತಿಗೆ ಸರದಿಯಿಲ್ಲ. ಒಮ್ಮೊಮ್ಮೆ ಮಾತೇ ದಿನವನ್ನು ನುಂಗುತ್ತಿತ್ತು. ಸೋಮಾರಿಗಳ ಹರಟೆ ಎಂದು ಪ್ರವಾಸಿಗರು ಲೇವಡಿ ಮಾಡಿದರು. ಆದರೆ ಸಿಕ್ಕಿದ ಹಕ್ಕಿಗಳನ್ನು ಮನೆಮನೆಗೆ ಸಮನಾಗಿ ಹಂಚುವ ಊರು ಅದು. ಬಂಡೆ ಇಳಿಯಲಾರದ ಮುದುಕರಿಗೂ ಪಾಲು ಇತ್ತು. ಹಂಚಿ ತಿನ್ನುವ ಊರಿಗೆ ಮಾತಾಡಿಕೊಳ್ಳದೆ ನಡೆಯುವುದಿಲ್ಲ.

ಹಡಗು ತಂದದ್ದು ಕೆಮ್ಮು, ಕಾಸು ಎರಡೇ ಅಲ್ಲ. ಅದು ಬೇರೆಯದೊಂದು ಲೆಕ್ಕವನ್ನೂ ತಂದಿತು. ಬೇಸಿಗೆಯಲ್ಲಿ ಹಿಟ್ಟು, ಚಹಾ, ಸಕ್ಕರೆ, ತಂಬಾಕು ಬರುತ್ತಿದ್ದವು. ಆಗಸ್ಟ್ ಕಳೆದು ಹಡಗು ನಿಂತರೆ ಮುಂದಿನ ಮೇ ತಿಂಗಳವರೆಗೆ ಏನೂ ಇಲ್ಲ. ಮೊದಲು ವರ್ಷಕ್ಕೊಂದು ದೋಣಿ ಬಂದರೂ ನಡೆಯುತ್ತಿದ್ದ ಊರು, ಈಗ ಹಿಟ್ಟು ಮುಗಿದರೆ ಹಸಿಯುವ ಊರಾಯಿತು. ಪುಕ್ಕಕ್ಕೂ ಎಣ್ಣೆಗೂ ಹೊರಗೆ ಬೆಲೆ ಕುಸಿಯಿತು. ದೂರ ಎಂಬುದು ಕಿಲೋಮೀಟರಿನಲ್ಲಿ ಅಷ್ಟೇ ಉಳಿದಿದ್ದರೂ, ಮುಂದಿನ ಹಡಗಿಗೆ ಕಾಯುವವರಿಗೆ ಅದು ಬೆಳೆಯುತ್ತಾ ಹೋಯಿತು.

ಈ ಕಾಯುವಿಕೆಯಿಂದಲೇ ಒಂದು ವಿಚಿತ್ರ ಅಂಚೆ ಹುಟ್ಟಿತು. 1877ರ ಜನವರಿಯಲ್ಲಿ ಆಸ್ಟ್ರಿಯಾದ ಹಡಗೊಂದು ಇಲ್ಲಿ ಒಡೆಯಿತು. ಬದುಕಿ ದಡ ಸೇರಿದ ನಾವಿಕರಿಗೂ ಊಟ ಹಾಕಬೇಕಾಗಿ ಬಂದು ಊರಿನ ಕಾಳು ಕರಗತೊಡಗಿತು. ಆಗ ಅಲ್ಲೇ ಉಳಿದಿದ್ದ ಜಾನ್ ಸ್ಯಾಂಡ್ಸ್ ಎಂಬ ಪತ್ರಕರ್ತ ಆ ಹಡಗಿನ ತೇಲುಬಳೆಯೊಂದಕ್ಕೆ ಪತ್ರವಿದ್ದ ಸೀಸೆ ಕಟ್ಟಿ ಕಡಲಿಗೆ ಬಿಟ್ಟ. ಒಂಬತ್ತು ದಿನಗಳಲ್ಲಿ ಅದು ಆರ್ಕ್ನಿ ದ್ವೀಪ ಸೇರಿತು. ಫೆಬ್ರವರಿಯಲ್ಲಿ 'ಜಾಕಲ್' ಎಂಬ ನೌಕೆ ನೆರವಿಗೆ ಬಂತು. ಅಲ್ಲಿಂದ ಊರವರು ಮರದ ತುಂಡನ್ನು ಆಟದ ದೋಣಿಯ ಹಾಗೆ ಕೆತ್ತಿ, ಒಳಗೆ ಪತ್ರ ಇಟ್ಟು, ತೇಲಲು ಕುರಿಯ ಮೂತ್ರಚೀಲ ಊದಿ ಕಟ್ಟಿ, ಗಾಳಿ ವಾಯವ್ಯಕ್ಕೆ ತಿರುಗಿದಾಗ ಬಿಡುತ್ತಿದ್ದರು. ಎಷ್ಟೋ ಪತ್ರಗಳು ಸ್ಕಾಟ್ಲೆಂಡಿನ ತೀರಕ್ಕೆ, ಕೆಲವು ನಾರ್ವೆಗೆ ತಲುಪಿದವು. ಹಸಿವಿನ ಕೂಗಾಗಿ ಹುಟ್ಟಿದ ಈ ದೋಣಿ ಆಮೇಲೆ ಪ್ರವಾಸಿಗರಿಗೆ ಮೋಜಿನ ವಸ್ತುವಾಯಿತು. ಅವರೂ ಅದರಲ್ಲಿ ಕಾಗದ ಇಟ್ಟು ಬಿಡಿಸಿ ಖುಷಿಪಟ್ಟರು.

ಹೊರಗಿನಿಂದ ಬಂದದ್ದೆಲ್ಲ ಕೆಡುಕೇ ಎಂದರೆ ಅನ್ಯಾಯವಾಗುತ್ತದೆ. ಹುಟ್ಟಿದ ಎಂಟು ಹತ್ತು ದಿನಗಳಲ್ಲೇ ಧನುರ್ವಾಯುವಿಗೆ ಬಲಿಯಾಗುವ ಕೂಸುಗಳ ಸಂಖ್ಯೆ ಈ ದ್ವೀಪದಲ್ಲಿ ಭಯಂಕರವಾಗಿತ್ತು. ತಾಯಂದಿರು ಅದನ್ನು ದೈವಚಿತ್ತವೆಂದು ಒಪ್ಪಿಕೊಂಡಿದ್ದರು. 1889ರಲ್ಲಿ ಬಂದ ಆಂಗಸ್ ಫಿಡ್ಡಿಸ್ ಎಂಬ ಪಾದ್ರಿ ಒಪ್ಪಿಕೊಳ್ಳಲಿಲ್ಲ. ಗ್ಲಾಸ್ಗೋಗೆ ಹೋಗಿ ಸೂಲಗಿತ್ತಿಯ ಕೆಲಸ ಕಲಿತು ಬಂದ. ಹೊಕ್ಕುಳಬಳ್ಳಿಯನ್ನು ಶುಚಿಯಾಗಿ ನೋಡಿಕೊಳ್ಳುವ ಕ್ರಮ ತಂದ. ಕೆಲವೇ ವರ್ಷಗಳಲ್ಲಿ ಆ ಸಾವುಗಳು ನಿಂತುಹೋದವು. ಸೇಂಟ್ ಕಿಲ್ಡಾದ ಪಾದ್ರಿಗಳನ್ನು ಚರಿತ್ರಕಾರರು ಸಾಕಷ್ಟು ಬೈದಿದ್ದಾರೆ. ಹಾಡು ಕುಣಿತ ನಿಲ್ಲಿಸಿದರು, ದುಡಿಯುವ ಹೊತ್ತನ್ನು ಪ್ರಾರ್ಥನೆಗೆ ಎಳೆದರು ಎಂದು. ಅದರಲ್ಲಿ ನಿಜವಿದೆ. ಆದರೆ ಬೈಯುವವರು ಫಿಡ್ಡಿಸ್‌ನ ಹೆಸರನ್ನೂ ಹೇಳಬೇಕು.

ಮೊದಲ ಮಹಾಯುದ್ಧದಲ್ಲಿ ನೌಕಾಪಡೆ ಇಲ್ಲಿ ನಿಸ್ತಂತು ಕೇಂದ್ರ ಹಾಕಿತು. 1918ರ ಮೇ 15ರಂದು ಜರ್ಮನ್ ಜಲಾಂತರ್ಗಾಮಿ ಬಂದು 72 ಗುಂಡು ಹಾರಿಸಿತು. ಕೇಂದ್ರ ಧ್ವಂಸವಾಯಿತು. ಸತ್ತದ್ದು ಒಂದು ಕುರಿಮರಿ. ಇದಕ್ಕಿಂತ ಹೆಚ್ಚಿನ ಪರಿಣಾಮ ಮಾಡಿದ್ದು ಯುದ್ಧ ತಂದ ಸಂಬಳ, ದಿನನಿತ್ಯದ ಸುದ್ದಿ, ಚಳಿಗಾಲದಲ್ಲೂ ಬರುವ ನೌಕೆ. ಯುದ್ಧ ಮುಗಿದು ಅವೆಲ್ಲ ಹೋದ ಮೇಲೆ ಹಳೆಯ ಬದುಕು ಹುಡುಗರಿಗೆ ಬದುಕಾಗಿ ಕಾಣಲಿಲ್ಲ. 1920ರಲ್ಲಿ 73 ಜನ ಇದ್ದರು, 1928ಕ್ಕೆ 37. 1926ರಲ್ಲಿ ನಾಲ್ಕು ಗಂಡಸರು ಇನ್‌ಫ್ಲುಯೆಂಜಾಕ್ಕೆ ಬಲಿಯಾದರು. ಬಂಡೆ ಇಳಿಯಲು, ದೋಣಿ ನಡೆಸಲು ಇಷ್ಟು ಕೈ ಎಂದು ಬೇಕಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಉಳಿದವರೂ ಉಣ್ಣಲಾರರು. 1930ರ ಆರಂಭದಲ್ಲಿ ಮೇರಿ ಗಿಲ್ಲೀಸ್ ಎಂಬ ಚಿಕ್ಕವಯಸ್ಸಿನ ತಾಯಿಯನ್ನು ಗ್ಲಾಸ್ಗೋ ಆಸ್ಪತ್ರೆಗೆ ಸಾಗಿಸಿದರೂ ಉಳಿಯಲಿಲ್ಲ. ಆ ಮೇ ತಿಂಗಳಲ್ಲಿ ಊರವರು ಸರ್ಕಾರಕ್ಕೆ ಅರ್ಜಿ ಬರೆದರು: ಮುಂದಿನ ಚಳಿಗಾಲಕ್ಕೆ ಮುಂಚೆ ನಮ್ಮನ್ನು ಇಲ್ಲಿಂದ ಕರೆದೊಯ್ಯಿರಿ ಎಂದು.

1930ರ ಆಗಸ್ಟ್ 29ರ ಬೆಳಿಗ್ಗೆ 'ಹೇರ್‌ಬೆಲ್' ಎಂಬ ನೌಕೆ 36 ಜನರನ್ನು ಹತ್ತಿಸಿಕೊಂಡಿತು. 1852ರಲ್ಲಿ ಹೊರಟುಹೋದವರೂ 36 ಜನರೇ. ಕುರಿ ದನಗಳನ್ನು ಎರಡು ದಿನ ಮುಂಚೆ ಪ್ರವಾಸಿಗರನ್ನು ತರುತ್ತಿದ್ದ ಅದೇ 'ದುನಾರಾ ಕ್ಯಾಸಲ್' ಸಾಗಿಸಿತ್ತು. ನಾಯಿಗಳನ್ನು ಕಲ್ಲು ಕಟ್ಟಿ ನೀರಿಗೆ ಹಾಕಿದರು. ಮನೆಮನೆಯಲ್ಲೂ ಒಂದು ಬೈಬಲ್ ಬಿಚ್ಚಿಟ್ಟು, ಪಕ್ಕದಲ್ಲಿ ಒಂದು ಸಣ್ಣ ರಾಶಿ ಓಟ್ಸ್ ಕಾಳು ಇಟ್ಟು ಬಾಗಿಲು ಹಾಕಿಕೊಂಡರು.

ಪ್ರವಾಸಿಗರೇ ಈ ಊರನ್ನು ಕೊಂದರು ಎಂದು ಹೇಳುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಸಿಡುಬು ಅವರಿಗಿಂತ ಮುಂಚಿನದು, ವಲಸೆಗೆ ಬೇರೆ ಕಾರಣಗಳಿದ್ದವು, ಬೇರೆ ಎಷ್ಟೋ ದ್ವೀಪಗಳು ಪ್ರವಾಸಿಗರಿಲ್ಲದೆಯೂ ಖಾಲಿಯಾದವು. ಆದರೆ ಒಂದು ಮಾತು ಹೇಳಬಹುದು. ಬ್ರಿಟನ್ನಿನ ಬೇರಾವ ಸಣ್ಣ ಊರಿನ ಬಗ್ಗೆಯೂ ಇಷ್ಟೊಂದು ಪುಸ್ತಕ, ಲೇಖನ, ಫೋಟೋ ಬಂದಿರಲಾರವು. ಐವತ್ತು ವರ್ಷ ವೇಳಾಪಟ್ಟಿಯಂತೆ ಹಡಗು ಓಡಿತು. ಅಷ್ಟಾದರೂ ಆ ಕೊಲ್ಲಿಯಲ್ಲಿ ಚಳಿಗಾಲಕ್ಕೂ ದೋಣಿ ನಿಲ್ಲಬಲ್ಲ ಒಂದು ಬಂದರು ಆಗಲಿಲ್ಲ. ನಂಬಬಹುದಾದ ಚಳಿಗಾಲದ ಅಂಚೆ ಬರಲಿಲ್ಲ. ನೋಡಲು ಬಂದವರು ಬೇಸಿಗೆಯ ಊರನ್ನಷ್ಟೇ ನೋಡಿದರು.

ಮರವಿಲ್ಲದ ದ್ವೀಪದಿಂದ ಬಂದ ಗಂಡಸರಲ್ಲಿ ಹಲವರಿಗೆ ಸರ್ಕಾರ ಕೊಟ್ಟದ್ದು ಅರಣ್ಯ ಇಲಾಖೆಯ ಕೆಲಸ! ಕೆಲವರು ಮುಂದಿನ ಬೇಸಿಗೆಗಳಲ್ಲಿ ಹಿಂದಿರುಗಿ, ತಮ್ಮದೇ ಖಾಲಿ ಮನೆಗಳಲ್ಲಿ ಇದ್ದು, ಹಡಗಿನಲ್ಲಿ ಬಂದವರಿಗೆ ಊರು ತೋರಿಸಿದರು. ದ್ವೀಪವನ್ನು ಕೊಂಡ ಲಾರ್ಡ್ ಡಂಫ್ರೀಸ್ 1932ರಲ್ಲಿ ಸೋಯೆ ದ್ವೀಪದಿಂದ 107 ಕಾಡುಕುರಿಗಳನ್ನು ತಂದು ಹಿರ್ಟಾದಲ್ಲಿ ಬಿಡಿಸಿದ. ಅವುಗಳ ಸಂತತಿ ಈಗ ವಿಜ್ಞಾನಿಗಳ ಅಧ್ಯಯನದ ವಸ್ತು. ಮೈಕೇಲ್ ಪೊವೆಲ್ ಈ ಊರಿನ ಕಥೆಯಿಂದ ಸಿನಿಮಾ ಮಾಡಹೊರಟಾಗ ಅದೇ ಲಾರ್ಡ್ ಅನುಮತಿ ಕೊಡಲಿಲ್ಲ. ಅವನು ಬಹುದೂರದ ಫೂಲಾ ದ್ವೀಪದಲ್ಲಿ ಚಿತ್ರೀಕರಿಸಿದ. ಇಲ್ಲಿಯ ಮನೆಗಳಲ್ಲಷ್ಟೇ ಇದ್ದ ಒಂದು ಜಾತಿಯ ಮನೆಯಿಲಿ ಮನುಷ್ಯರು ಹೋದ ಒಂದೆರಡು ವರ್ಷಗಳಲ್ಲಿ ಅಳಿದುಹೋಯಿತು. ಹೊಲದಿಲಿ ಉಳಿಯಿತು. ಆ ದಿನ ಹಡಗು ಹತ್ತಿದವರಲ್ಲಿ ಕೊನೆಯವರಾದ ರೇಚೆಲ್ ಜಾನ್ಸನ್ 2016ರಲ್ಲಿ, ತಮ್ಮ 93ನೇ ವಯಸ್ಸಿನಲ್ಲಿ ತೀರಿಕೊಂಡರು. ಊರು ಬಿಟ್ಟಾಗ ಅವರಿಗೆ ಎಂಟು ವರ್ಷ.

1957ರಲ್ಲಿ ದ್ವೀಪ ಸ್ಕಾಟ್ಲೆಂಡಿನ ನ್ಯಾಷನಲ್ ಟ್ರಸ್ಟ್ ಕೈಗೆ ಬಂತು. ಅದೇ ವರ್ಷ ಕ್ಷಿಪಣಿಗಳ ಜಾಡು ಹಿಡಿಯುವ ರೇಡಾರ್ ಕೇಂದ್ರಕ್ಕಾಗಿ ಸೈನ್ಯವೂ ಬಂತು. 1986ರಲ್ಲಿ ಪ್ರಕೃತಿಗಾಗಿ, 2005ರಲ್ಲಿ ಸಂಸ್ಕೃತಿಗಾಗಿಯೂ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ತಾಣವೆಂದಿತು. ಈಗ ಬೇಸಿಗೆಯಲ್ಲಿ ಹ್ಯಾರಿಸ್ ಮತ್ತು ಸ್ಕೈ ದ್ವೀಪಗಳಿಂದ ದೋಣಿಗಳು ಹೊರಡುತ್ತವೆ. ಕಡಲು ಒಪ್ಪಿದರೆ ಇಳಿಯಬಹುದು, ಇಲ್ಲವಾದರೆ ದೂರದಿಂದ ನೋಡಿ ತಿರುಗಬೇಕು. ಈ ಸಲ ಕಾಯುವವರಿಗೆ ಇರುವ ಭಯ ಕೆಮ್ಮಿನದಲ್ಲ, ಹೆಗ್ಗಣದ್ದು. ದೋಣಿಯಲ್ಲಿ ಅಡಗಿ ಬಂದ ಒಂದು ಜೋಡಿ ಸಾಕು, ಲಕ್ಷಗಟ್ಟಲೆ ಕಡಲಹಕ್ಕಿಗಳ ಗೂಡು ಬರಿದಾಗುತ್ತದೆ. ಇಳಿದವರಿಗೆ ಕೆಲವು ಗಂಟೆಗಳ ಅವಕಾಶ. ಸೂರು ಕಟ್ಟಿ ಸರಿಪಡಿಸಿದ ಕೆಲವು ಮನೆಗಳು, ಸೂರಿಲ್ಲದ ಉಳಿದ ಮನೆಗಳು, ಬೀದಿ, ಇಗರ್ಜಿ, ಸುಣ್ಣ ಕಾಣದ ಸಾವಿರ ಕಣಜಗಳು. ದೋಣಿ ಬಂದಾಗ ಟ್ರಸ್ಟಿನ ಪುಟ್ಟ ಅಂಗಡಿ ತೆರೆಯುತ್ತದೆ. ನೆನಪಿಗೆಂದು ಏನಾದರೂ ಕೊಂಡು ಜನ ಹಿಂದಿರುಗುತ್ತಾರೆ.